ನೀರಿಗೆ ಬಿದ್ದ ಮೊಬೈಲ್ ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಆರಂಭವಾಯಿತೆಂದರೆ ಸಿಂಧನೂರಿನ ನಮ್ಮ ದುರಸ್ತಿ ಮೇಜಿಗೆ ತೊಯ್ದ ಫೋನುಗಳು ಬರತೊಡಗುತ್ತವೆ. ಕೆಲವು ಗದ್ದೆಯ ಕೆಸರಿನಿಂದ ಬಂದಿರುತ್ತವೆ, ಕೆಲವು ಬಚ್ಚಲಿನ ಬಕೆಟ್ಟಿನಿಂದ, ಇನ್ನು ಕೆಲವು ಅಂಗಿಯ ಕಿಸೆಯಲ್ಲಿಯೇ ಉಳಿದು ವಾಷಿಂಗ್ ಮಷೀನಿನೊಳಗೆ ತಿರುಗಿ ಬಂದಿರುತ್ತವೆ. ತಂದವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅಂಗಡಿಯ ಗದ್ದಲದಲ್ಲಿ ಅರ್ಧಂಬರ್ಧ ಹೇಳಿ ಕಳಿಸುವ ಉತ್ತರಗಳನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಫೋನ್ ನೀರಿಗೆ ಬಿದ್ದ ಕೂಡಲೇ ಮೊದಲು ಮಾಡಬೇಕಾದದ್ದೇನು?

ಹೊರಗೆ ತೆಗೆದು ಆಫ್ ಮಾಡಬೇಕು. ಆಮೇಲಿನ ಕೆಲಸಗಳಿಗೆ ಸ್ವಲ್ಪ ತಡವಾದರೂ ನಡೆದೀತು, ಈ ಎರಡಕ್ಕೆ ತಡವಾಗಬಾರದು. ಚಾರ್ಜಿಗೆ ಹಾಕಿದ್ದಾಗಲೇ ಬಕೆಟ್ಟಿಗೆ ಬಿದ್ದಿದ್ದರೆ ಫೋನಿಗೆ ಕೈ ಹಾಕುವ ಮೊದಲು ಗೋಡೆಯ ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಚಾರ್ಜರನ್ನು ಕಿತ್ತುಬಿಡಿ.

ಆಫ್ ಆದ ಮೇಲೆ ಹಿಂಬದಿಯ ಕವರ್ ತೆಗೆಯಿರಿ. ಕವರಿನ ಮತ್ತು ಫೋನಿನ ನಡುವೆ ನಿಂತ ನೀರು ಗಂಟೆಗಟ್ಟಲೆ ಅಲ್ಲಿಯೇ ಇರುತ್ತದೆ. ಸಿಮ್ ತಟ್ಟೆಯನ್ನು ಹೊರಗೆಳೆದು ಸಿಮ್ ಮತ್ತು ಮೆಮೊರಿ ಕಾರ್ಡುಗಳನ್ನು ಒರೆಸಿ ಬೇರೆ ಇಡಿ. ಚಾರ್ಜಿಂಗ್ ರಂಧ್ರ ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿದರೆ ಬಾಯಿಯಲ್ಲಿ ನಿಂತ ನೀರು ಇಳಿಯುತ್ತದೆ. ಗಾಬರಿಯಲ್ಲಿ ಹಲವರು ಜೋರಾಗಿ ಜಾಡಿಸುತ್ತಾರೆ ಅಥವಾ ಬಾಯಿಂದ ಊದುತ್ತಾರೆ. ಅಂಚಿನಲ್ಲಿದ್ದ ನೀರು ಇನ್ನೂ ಒಳಕ್ಕೆ, ಚಿಪ್ಪುಗಳನ್ನು ಕೂರಿಸಿದ ಬೋರ್ಡಿನ ತನಕ ಹೋಗುವುದು ಹಾಗೆ ಮಾಡಿದಾಗಲೇ.

ಫೋನ್ ಇನ್ನೂ ಚಾಲೂ ಇದೆ, ಚೆನ್ನಾಗಿಯೇ ನಡೆಯುತ್ತಿದೆ. ಆದರೂ ಆಫ್ ಮಾಡಬೇಕೆ?

ಮಾಡಬೇಕು. ಇಂತಹ ಫೋನುಗಳನ್ನೇ ಜನ ಹೆಚ್ಚಾಗಿ ಕಳೆದುಕೊಳ್ಳುತ್ತಾರೆ, ಏಕೆಂದರೆ ನಡೆಯುತ್ತಿದೆಯಲ್ಲ ಎಂಬ ಧೈರ್ಯದಲ್ಲಿ ಎರಡು ಕರೆ ಮಾಡುತ್ತಾರೆ, ವಿಡಿಯೊ ಹಚ್ಚಿ ದನಿ ಬರುತ್ತದೆಯೇ ನೋಡುತ್ತಾರೆ, ಸಂಜೆಯಾದಾಗ ಚಾರ್ಜಿಗೂ ಹಾಕುತ್ತಾರೆ. ಬೆಳಗ್ಗೆ ಏಳುವಷ್ಟರಲ್ಲಿ ಅದು ಡೆಡ್ ಆಗಿರುತ್ತದೆ.

ತೊಯ್ದ ಪರದೆ ಬೆರಳಿನ ಮಾತು ಕೇಳದಿದ್ದರೆ ಗಾಜನ್ನು ಹತ್ತಿಯ ಬಟ್ಟೆಯಿಂದ ಒರೆಸಿ ಮತ್ತೆ ಯತ್ನಿಸಿ. ಗುಂಡಿಗಳನ್ನು ದೀರ್ಘವಾಗಿ ಒತ್ತಿ ಹಿಡಿಯುವ ಉಪಾಯದಿಂದ ಅನೇಕ ಫೋನುಗಳು ಆರುವುದಿಲ್ಲ, ಆರಿ ಮತ್ತೆ ಚಾಲೂ ಆಗುತ್ತವೆ. ಆದ್ದರಿಂದ ಪರದೆ ಕಪ್ಪಾದ ಕ್ಷಣವೇ ಮೇಜಿನ ಮೇಲಿಟ್ಟು ನಡೆದುಬಿಡದೆ, ಒಂದು ನಿಮಿಷ ಕಾದು, ಕಂಪನಿಯ ಗುರುತು ಮತ್ತೆ ಮೂಡುತ್ತದೆಯೇ ಎಂದು ನೋಡಿಕೊಳ್ಳಿ.

ನೀರು ಫೋನನ್ನು ಕೆಡಿಸುವುದು ಹೇಗೆ?

ಅಪ್ಪಟ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ. ನಮ್ಮ ಕಾಲುವೆ, ನಳ, ಬೋರ್‌ವೆಲ್ಲುಗಳ ನೀರು ಅಪ್ಪಟವಲ್ಲ. ಅದರಲ್ಲಿ ಕರಗಿದ ಲವಣಗಳಿವೆ ಮತ್ತು ಆ ಲವಣಗಳೇ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ನೀರನ್ನು ವಿಭಜಿಸಲು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ಫೋನಿನ ಬ್ಯಾಟರಿಯಲ್ಲಿ ಅದರ ಮೂರು ಪಟ್ಟು, ಅಂದರೆ ಸುಮಾರು 3.7ರಿಂದ 4.4 ವೋಲ್ಟ್ ತನಕ ಇರುತ್ತದೆ. ಹೀಗಾಗಿ ಚಾಲೂ ಇರುವ ತೊಯ್ದ ಬೋರ್ಡಿನ ಮೇಲೆ, ನಿಕಲ್ ಲೇಪನ ಮಾಡುವ ಕಾರ್ಖಾನೆಯ ತೊಟ್ಟಿಯಲ್ಲಿ ನಡೆಯುವಂಥದೇ ಒಂದು ಕ್ರಿಯೆ ಸಣ್ಣ ಪ್ರಮಾಣದಲ್ಲಿ ಶುರುವಾಗುತ್ತದೆ: ಧನ ತುದಿಯ ತಾಮ್ರ ಕರಗಿ, ಋಣ ತುದಿಯ ಕಡೆಗೆ ಸರಿದು, ಅಲ್ಲಿ ಕೂದಲೆಳೆಯಂತೆ ಬೆಳೆಯುತ್ತದೆ. ಕೂದಲೆಳೆಗಿಂತ ಕಡಿಮೆ ಅಂತರವಿರುವ ಎರಡು ತುದಿಗಳ ನಡುವೆ ಆ ಎಳೆ ಸೇತುವೆಯಾದಾಗ ಶಾರ್ಟ್ ಆಗುತ್ತದೆ.

ವಿದ್ಯುತ್ ಇಲ್ಲದಿದ್ದರೆ ಇದೇ ತುಕ್ಕು ಬಹಳ ನಿಧಾನವಾಗಿ ಸಾಗುತ್ತದೆ. ನೀರಿನ ತಳದಲ್ಲಿ ಆಫ್ ಆಗಿ ಬಿದ್ದಿದ್ದ ಫೋನು ಬದುಕಿ, ಎರಡೇ ಹನಿ ಚೆಲ್ಲಿಸಿಕೊಂಡು ರಾತ್ರಿಯಿಡೀ ಚಾರ್ಜಿನಲ್ಲಿದ್ದ ಫೋನು ಸಾಯುವುದಕ್ಕೆ ಕಾರಣ ಇದು.

ಅಕ್ಕಿಯಲ್ಲಿ ಹೂತಿಟ್ಟರೆ ಫೋನ್ ಒಣಗುತ್ತದೆಯೇ?

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳಲ್ಲಿ ಅಕ್ಕಿಗೆ ಬರವಿಲ್ಲ. ಆದ್ದರಿಂದಲೋ ಏನೋ, ಈ ನಂಬಿಕೆ ನಮ್ಮಲ್ಲಿ ಬೇರೆಡೆಗಿಂತ ಗಟ್ಟಿಯಾಗಿದೆ. ಆದರೆ ಭತ್ತ ಬೆಳೆಯುವವರೇ ಇದನ್ನು ಮೊದಲು ಅನುಮಾನಿಸಬೇಕಿತ್ತು. ಖರೀದಿ ಕೇಂದ್ರಕ್ಕೆ ಭತ್ತ ಒಯ್ದವರೆಲ್ಲರೂ ಅಲ್ಲಿನ ತೇವಾಂಶ ಮಾಪಕವನ್ನು ಕಂಡಿದ್ದಾರೆ. ಬೆಂಬಲ ಬೆಲೆಗೆ ಕೊಳ್ಳುವ ಭತ್ತದಲ್ಲಿ ಶೇಕಡಾ 17ರ ತನಕ ತೇವಾಂಶವಿರಬಹುದು ಎಂಬುದು ಸರಕಾರದ ನಿಯಮ. ಗಿರಣಿಯಾಗಿ ಚೀಲ ಸೇರಿದ ಅಕ್ಕಿಯಲ್ಲಿಯೂ ನೂರು ಕಿಲೋಗೆ ಹನ್ನೆರಡು ಹದಿಮೂರು ಕಿಲೋದಷ್ಟು ನೀರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಷ್ಟು ನೀರನ್ನು ತನ್ನೊಳಗೇ ಇಟ್ಟುಕೊಂಡ ಕಾಳು ಫೋನಿನ ಉಕ್ಕಿನ ಮುಚ್ಚಳದ ಕೆಳಗಿರುವ ಹನಿಯನ್ನು ಹೊರಗಿನಿಂದ ಎಳೆದುಕೊಳ್ಳುತ್ತದೆ ಎನ್ನುವುದು ಆಗದ ಮಾತು.

ಜೊತೆಗೆ ತೊಂದರೆಯೂ ಉಂಟು. ಅಕ್ಕಿಯ ಹಿಟ್ಟು ಮತ್ತು ತೌಡಿನ ಪುಡಿ ತೇವದ ಚಾರ್ಜಿಂಗ್ ರಂಧ್ರಕ್ಕೆ ಅಂಟಿ ಗಂಜಿಯಂತಾಗುತ್ತವೆ. ಅದು ಒಣಗಿದ ಮೇಲೆ ಸೂಜಿಯ ಮೊನೆಯಿಂದ ಕೆರೆದು ತೆಗೆಯುವುದು ನಮ್ಮ ಕೆಲಸವಾಗುತ್ತದೆ. ನುಚ್ಚಿನ ಕಾಳೊಂದು ಇಯರ್‌ಫೋನ್ ರಂಧ್ರದಲ್ಲಿ ಸಿಕ್ಕಿಕೊಂಡು, ಅಲ್ಲಿಯೇ ಉಬ್ಬಿ ಕುಳಿತದ್ದನ್ನೂ ಕಂಡಿದ್ದೇನೆ. ಆಪಲ್ ಸಂಸ್ಥೆ 2024ರ ಆರಂಭದಲ್ಲಿ ತನ್ನ ಸಹಾಯ ಪುಟದಲ್ಲಿ ಐಫೋನನ್ನು ಅಕ್ಕಿಯ ಚೀಲದಲ್ಲಿ ಇಡಬಾರದು, ಅಕ್ಕಿಯ ಸಣ್ಣ ಕಣಗಳಿಂದ ಫೋನಿಗೆ ಹಾನಿಯಾಗಬಹುದು ಎಂದು ಬರೆಯಿತು.

ಹಾಗಾದರೆ ಅಕ್ಕಿಯಲ್ಲಿಟ್ಟ ಎಷ್ಟೋ ಫೋನುಗಳು ಬದುಕಿದ್ದು ಹೇಗೆ ಎಂದು ಕೇಳುತ್ತೀರಿ. ಅಕ್ಕಿಯಲ್ಲಿಟ್ಟವರು ಎರಡು ದಿನ ಫೋನನ್ನು ಮುಟ್ಟಲಿಲ್ಲ, ಚಾರ್ಜಿಗೆ ಹಾಕಲಿಲ್ಲ. ಅದೇ ಫೋನನ್ನು ಆಫ್ ಮಾಡಿ ಬರಿಯ ಮೇಜಿನ ಮೇಲೆ ಇಟ್ಟಿದ್ದರೂ ಬದುಕುತ್ತಿತ್ತು, ಬಹುಶಃ ಇನ್ನೂ ಬೇಗ ಒಣಗುತ್ತಿತ್ತು. ಈ ಕೆಲಸ ಕಲಿಯುವ ಮೊದಲು ನಾನೂ ನನ್ನ ಫೋನನ್ನು ಮನೆಯ ಸೋನಾ ಮಸೂರಿಯ ಡಬ್ಬಿಯಲ್ಲಿ ಎರಡು ರಾತ್ರಿ ಇಟ್ಟಿದ್ದೆ. ಫೋನು ಚಾಲೂ ಆಯಿತು, ಊರಿಗೆಲ್ಲ ಹೇಳಿಕೊಂಡು ಬಂದೆ. ತಿಂಗಳು ತುಂಬುವುದರೊಳಗೆ ಅದು ಸತ್ತಿತು. ಬಿಚ್ಚಿಸಿದಾಗ ಬೋರ್ಡಿನ ಒಂದು ಮೂಲೆಯಲ್ಲಿ ಹಸಿರು ಪುಡಿ ಕಟ್ಟಿತ್ತು.

ಪೂರ್ತಿ ಒಣಗಿದ ಮೇಲೂ ಒಂದು ತಿಂಗಳಿಗೆ ಏಕೆ ಕೆಡುತ್ತದೆ?

ನೀರು ಆರಿಹೋಗುತ್ತದೆ, ನೀರಿನಲ್ಲಿ ಕರಗಿದ್ದು ಆರಿಹೋಗುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೊಲವಿದ್ದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ: ನೀರು ನಿಂತ ತಗ್ಗಿನ ಭೂಮಿ ಬೇಸಿಗೆಯಲ್ಲಿ ಒಣಗಿದಾಗ ಮೇಲೆ ಬಿಳಿಯ ಸವಳು ಏಳುತ್ತದೆಯಲ್ಲ, ಬೋರ್ಡಿನ ಮೇಲೂ ಅದೇ ಏಳುತ್ತದೆ. ನಮ್ಮ ಬಹುತೇಕ ಊರುಗಳ ಬೋರ್‌ವೆಲ್ ನೀರು ಗಡಸು; ಅದನ್ನು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರವನ್ನು ನೋಡಿದರೆ ಫೋನಿನೊಳಗೆ ಏನು ಉಳಿಯುತ್ತದೆ ಎಂಬುದು ತಿಳಿಯುತ್ತದೆ.

ಈ ಲವಣದ ಪದರ ಒಣಗಿರುವ ತನಕ ಸುಮ್ಮನಿರುತ್ತದೆ. ಮಳೆಗಾಲದ ಗಾಳಿಯ ತೇವವನ್ನೋ ಕಿಸೆಯ ಬೆವರಿನ ಹಬೆಯನ್ನೋ ಹೀರಿಕೊಂಡಾಗ ಮತ್ತೆ ಹಸಿಯಾಗಿ ವಿದ್ಯುತ್ತಿಗೆ ದಾರಿ ಮಾಡುತ್ತದೆ. ಮೊದಲು ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಸುಮ್ಮನಿದ್ದರೂ ಬಿಸಿಯಾಗುತ್ತದೆ, ಆಮೇಲೆ ಮೈಕ್ ಅಥವಾ ಚಾರ್ಜಿಂಗ್ ಕೈಕೊಡುತ್ತದೆ. ಒಣಗಿಸುವುದೊಂದು ಕೆಲಸ, ತೊಳೆಯುವುದು ಇನ್ನೊಂದು ಕೆಲಸ ಎಂದು ನಾನು ಪ್ರತಿಯೊಬ್ಬರಿಗೂ ಹೇಳುವುದು ಇದಕ್ಕಾಗಿ. ಮನೆಯಲ್ಲಿ ಮೊದಲನೆಯದನ್ನು ಮಾತ್ರ ಮಾಡಲಿಕ್ಕಾಗುತ್ತದೆ.

ಹಾಗಾದರೆ ಮನೆಯಲ್ಲಿ ಒಣಗಿಸುವ ಸರಿಯಾದ ಕ್ರಮ ಯಾವುದು, ಎಷ್ಟು ಹೊತ್ತು ಬೇಕು?

ಸಿಮ್ ತಟ್ಟೆ ತೆಗೆದ ಫೋನನ್ನು ಚಾರ್ಜಿಂಗ್ ರಂಧ್ರ ಕೆಳಗಾಗುವಂತೆ ಓರೆಯಾಗಿ ಗೋಡೆಗೋ ಲೋಟಕ್ಕೋ ಒರಗಿಸಿ, ಸೀಲಿಂಗ್ ಫ್ಯಾನಿನ ಅಥವಾ ಟೇಬಲ್ ಫ್ಯಾನಿನ ಗಾಳಿಗೆ ಇಡಿ. ಕೆಳಗೆ ಒಣ ಬಟ್ಟೆ ಹಾಸಿ, ಬಟ್ಟೆ ತೇವವಾದಂತೆ ಬದಲಿಸಿ. ಚಾರ್ಜಿಂಗ್ ರಂಧ್ರಕ್ಕೆ ಹತ್ತಿಕಡ್ಡಿ, ಟಿಶ್ಯೂ, ಊದುಬತ್ತಿಯ ಕಡ್ಡಿ ತುರುಕಬೇಡಿ. ಹತ್ತಿಯ ಎಳೆ ಒಳಗೇ ಉಳಿಯುತ್ತದೆ, ಕಡ್ಡಿಯಿಂದ ಪಿನ್ನುಗಳು ಬಾಗುತ್ತವೆ.

ಮೇಲ್ಮೈ ಮಾತ್ರ ತೊಯ್ದಿದ್ದರೆ ಒಂದು ದಿನ ಸಾಕಾಗಬಹುದು. ಪೂರ್ತಿ ಮುಳುಗಿದ್ದ ಫೋನಿಗೆ ಕನಿಷ್ಠ ಎರಡು ದಿನ, ಅಂದರೆ 48 ಗಂಟೆ ಕೊಡಿ. ಆದರೂ ಚಿಪ್ಪುಗಳ ಮೇಲಿನ ಲೋಹದ ಮುಚ್ಚಳದ ಕೆಳಗೆ, ಎರಡು ತೆಳು ಹಾಳೆಗಳ ನಡುವೆ ಹೀರಿ ನಿಂತ ನೀರು ಎರಡು ದಿನಕ್ಕೆ ಹೋಗುತ್ತದೆಂಬ ಖಾತರಿ ಇಲ್ಲ. ಹತ್ತಿರದಲ್ಲಿ ಬೋರ್ಡ್ ಕೆಲಸ ಬಲ್ಲವರು ಇದ್ದಾರೆಂದರೆ, ಎರಡು ದಿನ ಮನೆಯಲ್ಲಿ ಕಾಯುವುದಕ್ಕಿಂತ ಆಫ್ ಆಗಿರುವ ಫೋನನ್ನು ಅದೇ ದಿನ ಅವರ ಕೈಗೆ ಕೊಡುವುದು ಒಳ್ಳೆಯದು. ಊರು ದೂರ, ಬಸ್ಸು ಇಲ್ಲ, ಅಂಗಡಿ ಮುಚ್ಚಿದೆ ಎಂಬ ಹೊತ್ತಿಗೆ ಈ ಕ್ರಮ.

ನಮ್ಮಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಮಾಳಿಗೆಯ ಮೇಲೆ ಒಣಗಿಸಬಾರದೇಕೆ?

ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಿಗೆ ಕಾದ ಮಾಳಿಗೆಯ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಫೋನುಗಳನ್ನು ಸಾಮಾನ್ಯವಾಗಿ 35 ಡಿಗ್ರಿಯ ತನಕದ ವಾತಾವರಣದಲ್ಲಿ ಬಳಸಲೆಂದು ಮಾಡಿರುತ್ತಾರೆ, ಲಿಥಿಯಂ ಬ್ಯಾಟರಿಗೆ ಬಿಸಿಯೆಂದರೆ ಆಗದು. ಪರದೆಯ ಅಂಟು ಬಿಡುತ್ತದೆ, ಬ್ಯಾಟರಿ ಉಬ್ಬುತ್ತದೆ, ಜೊತೆಗೆ ಒಳಗಿನ ನೀರು ಹಬೆಯಾಗಿ ಕ್ಯಾಮೆರಾ ಗಾಜಿನ ಒಳಮೈಗೆ ಕೂರುತ್ತದೆ. ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆ, ಒಲೆಯ ಪಕ್ಕ, ಬೈಕಿನ ಎಂಜಿನ್, ಇವುಗಳಿಗೂ ಇದೇ ಉತ್ತರ.

ಇಲ್ಲಿನವರಿಗೆ ಇನ್ನೊಂದು ಮಾತು ಹೇಳಬೇಕಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಬೇಸಿಗೆಯೆಂದರೆ ಕೂಲರ್. ಫ್ಯಾನಿನ ಬದಲು ಕೂಲರಿನ ಮುಂದೆ ಫೋನ್ ಇಟ್ಟವರು ಹಲವರಿದ್ದಾರೆ. ಕೂಲರ್ ತಂಪು ಕೊಡುವುದೇ ಗಾಳಿಗೆ ನೀರು ಬೆರೆಸಿ. ಆ ಗಾಳಿಗೆ ಇಟ್ಟ ಫೋನು ಒಣಗುವ ಬದಲು ತೇವದಲ್ಲಿಯೇ ಉಳಿಯುತ್ತದೆ. ಕೂಲರಿನ ನೀರಿನ ಮೋಟರ್ ಆರಿಸಿ, ಹುಲ್ಲಿನ ಪರದೆ ಪೂರ್ತಿ ಒಣಗಿದ ಮೇಲೆ ಬರಿ ಫ್ಯಾನ್ ಓಡಿಸಿದರೆ ಅಡ್ಡಿಯಿಲ್ಲ.

ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಹರಳಿನ ಪೊಟ್ಟಣ ಉಪಯೋಗಕ್ಕೆ ಬರುತ್ತದೆಯೇ?

ಅದು ಸಿಲಿಕಾ ಜೆಲ್, ಅಕ್ಕಿಗಿಂತ ನಿಜಕ್ಕೂ ಚೆನ್ನಾಗಿ ತೇವ ಹೀರುವ ವಸ್ತು. ಆದರೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದ ಒಂದೆರಡು ಪೊಟ್ಟಣಗಳು ಈಗಾಗಲೇ ಗಾಳಿಯ ತೇವ ಕುಡಿದು ತಣಿದಿರುತ್ತವೆ. ಹೊಸದಾಗಿ ಒಂದು ಹಿಡಿಯಷ್ಟು ಸಿಕ್ಕರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫೋನಿನೊಂದಿಗೆ ಇಡಬಹುದು. ನೀಲಿ ಹರಳುಗಳು ತೇವ ಹೀರಿ ಗುಲಾಬಿಯಾಗುತ್ತವೆ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು ಮತ್ತು ಅದು ವಿಷ, ಮಕ್ಕಳ ಕೈಗೆ ಸಿಗಬಾರದು.

ಫೋನ್ ಗದ್ದೆಯ ಕೆಸರಿಗೆ ಬಿದ್ದಿತ್ತು. ತೊಳೆಯಬಹುದೆ?

ಕೆಸರಿನ ನೀರಿನಲ್ಲಿ ಬರಿ ಮಣ್ಣಿರುವುದಿಲ್ಲ. ಯೂರಿಯಾ, ಪೊಟ್ಯಾಶ್ ಹಾಕಿದ ಗದ್ದೆಯ ನೀರು ನಳದ ನೀರಿಗಿಂತ ಹೆಚ್ಚು ಲವಣದ ನೀರು, ಆದ್ದರಿಂದ ಅದನ್ನು ಒಳಗೇ ಒಣಗಲು ಬಿಡುವುದು ಇನ್ನೂ ಕೆಟ್ಟದ್ದು. ನಿಮ್ಮ ಫೋನಿಗೆ ನೀರು ತಡೆಯುವ ಐಪಿ 67 ಅಥವಾ ಐಪಿ 68 ದರ್ಜೆ ಇದ್ದು, ಗಾಜಿನಲ್ಲಿ ಬಿರುಕಿಲ್ಲದೆ, ಎಂದೂ ಬಿಚ್ಚಿಸದೆ ಇದ್ದರೆ, ಆಫ್ ಮಾಡಿ, ಸಿಮ್ ತಟ್ಟೆ ಮುಚ್ಚಿಯೇ ಇಟ್ಟು, ಸಣ್ಣಗೆ ಬೀಳುವ ಶುದ್ಧ ನೀರಿನಲ್ಲಿ ಹೊರಗಿನ ಕೆಸರನ್ನು ತೊಳೆಯಬಹುದು. ದರ್ಜೆ ಇಲ್ಲದ ಫೋನಿಗೆ ಮನೆಯಲ್ಲಿ ನೀರು ತಾಕಿಸಬೇಡಿ. ಹೊರಗಿನ ಕೆಸರನ್ನು ಹಸಿ ಇರುವಾಗಲೇ ಬಟ್ಟೆಯಿಂದ ಒರೆಸಿ ನೇರವಾಗಿ ಅಂಗಡಿಗೆ ತನ್ನಿ. ಕರಿಮಣ್ಣು ಒಮ್ಮೆ ಒಣಗಿ ಗಟ್ಟಿಯಾದರೆ ಸ್ಪೀಕರಿನ ಜಾಲರಿಯಿಂದ ಬಿಡಿಸುವುದು ಬಲು ಕಷ್ಟ.

ಔಷಧ ಹೊಡೆಯುವಾಗ ಪಂಪಿನಿಂದ ಸೋರಿದ ದ್ರಾವಣದಲ್ಲಿ ತೊಯ್ದ ಫೋನುಗಳೂ ಬರುತ್ತವೆ. ಇಲ್ಲಿ ಫೋನಿಗಿಂತ ಮೊದಲು ನಿಮ್ಮನ್ನು ನೋಡಿಕೊಳ್ಳಿ: ಕೈಗವಸು ಹಾಕಿ ಒರೆಸಿ, ಆ ಬಟ್ಟೆಯನ್ನು ಮನೆಯಲ್ಲಿ ಬಳಸಬೇಡಿ, ಆ ಫೋನನ್ನು ಕಿವಿಗೆ ಹಿಡಿಯಬೇಡಿ. ಅಂಗಡಿಗೆ ತಂದಾಗ ಯಾವ ಔಷಧ ಎಂಬುದನ್ನು ಮುಚ್ಚಿಡದೆ ಹೇಳಿ, ಬಿಚ್ಚುವವನೂ ಮನುಷ್ಯನೇ.

ನೀರಲ್ಲ, ಚಹಾ ಚೆಲ್ಲಿದೆ. ಹೋಳಿಯ ಬಣ್ಣ ಬಿದ್ದಿದೆ. ವ್ಯತ್ಯಾಸವೇನು?

ಸಕ್ಕರೆ ಇರುವ ಚಹಾ, ಕಬ್ಬಿನ ಹಾಲು, ತಂಪು ಪಾನೀಯಗಳು ಒಣಗಿದಾಗ ಪಾಕವಾಗಿ ಅಂಟುತ್ತವೆ, ಗುಂಡಿಗಳು ಒತ್ತಿದಲ್ಲಿಯೇ ನಿಲ್ಲುತ್ತವೆ. ಮಜ್ಜಿಗೆಯಲ್ಲಿ ಹುಳಿಯೂ ಉಪ್ಪೂ ಎರಡೂ ಇವೆ. ಹೋಳಿಯ ಬಣ್ಣದ ನೀರು ಪರದೆಯ ಪದರಗಳ ನಡುವೆ ಹೊಕ್ಕರೆ ಆ ಕಲೆ ಹೋಗುವುದಿಲ್ಲ, ಪರದೆಯನ್ನೇ ಬದಲಿಸಬೇಕು. ಇವೆಲ್ಲವುಗಳಲ್ಲಿ ಬರಿ ಒಣಗಿಸುವುದರಿಂದ ಪ್ರಯೋಜನವಿಲ್ಲ. ಒಣಗುವ ಮೊದಲೇ ಬಿಚ್ಚಿ ತೊಳೆಸಬೇಕು.

ನನ್ನದು ಐಪಿ 68 ಫೋನ್. ಇದಕ್ಕೆ ನೀರಿನ ಭಯವಿಲ್ಲವೆಂದು ಹೇಳಿ ಮಾರಿದರು. ನಿಜವೇ?

ಅರ್ಧ ನಿಜ. ಐಪಿ ಎಂಬುದು ಅಂತರರಾಷ್ಟ್ರೀಯ ಮಾನದಂಡವೊಂದರ, ಐಇಸಿ 60529ರ, ದರ್ಜೆ. ಮೊದಲ ಅಂಕೆ ಧೂಳಿನ ರಕ್ಷಣೆಯನ್ನು, ಎರಡನೆಯದು ನೀರಿನ ರಕ್ಷಣೆಯನ್ನು ಹೇಳುತ್ತದೆ. ಎರಡನೆಯ ಅಂಕೆ 4 ಆದರೆ ಎರಚಿದ ನೀರಿಗೆ ತಡೆಯುತ್ತದೆ. 7 ಆದರೆ 1 ಮೀಟರ್ ಆಳದಲ್ಲಿ 30 ನಿಮಿಷ. 8 ಆದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಹೇಳಿದ ಆಳ ಮತ್ತು ಅವಧಿ. ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ನಿಂತ ಸಿಹಿನೀರಿನಲ್ಲಿ. ಸೋಪಿನ ನೀರು, ಬಿಸಿನೀರು, ಕಾಲುವೆಯ ರಭಸ, ಎರಡು ವರ್ಷದಲ್ಲಿ ಹತ್ತು ಸಲ ನೆಲಕ್ಕೆ ಬಿದ್ದ ಫೋನು, ಇವೊಂದೂ ಆ ಪರೀಕ್ಷೆಯಲ್ಲಿಲ್ಲ. ರಬ್ಬರಿನ ಮತ್ತು ಅಂಟಿನ ತಡೆ ವರ್ಷಗಳು ಕಳೆದಂತೆ ಸವೆಯುತ್ತದೆ. ಒಮ್ಮೆ ಪರದೆ ಅಥವಾ ಬ್ಯಾಟರಿ ಬದಲಿಸಿದ ಫೋನನ್ನು ನೀರು ತಡೆಯದ ಫೋನೆಂದೇ ಭಾವಿಸಿ ನಡೆಯಿರಿ. ನಾವು ಹೊಸ ಅಂಟು ಹಾಕಿಯೇ ಕೂಡಿಸುತ್ತೇವೆ, ಆದರೆ ಕಾರ್ಖಾನೆಯ ಒತ್ತುಯಂತ್ರ ನಮ್ಮಲ್ಲಿಲ್ಲ.

ಚಾರ್ಜಿಗೆ ಯಾವಾಗ ಹಾಕಬಹುದು? ರಂಧ್ರದಲ್ಲಿ ತೇವವಿದೆ ಎಂಬ ಎಚ್ಚರಿಕೆ ಬರುತ್ತಿದೆ.

ಆ ಎಚ್ಚರಿಕೆಯನ್ನು ನಂಬಿ. ಚಾರ್ಜರ್ ಕಿತ್ತು, ರಂಧ್ರ ಕೆಳಗೆ ಮಾಡಿ ತಟ್ಟಿ, ಅರ್ಧ ಗಂಟೆಯಾದರೂ ಗಾಳಿಗೆ ಇಟ್ಟು ಮತ್ತೆ ನೋಡಿ. ಪೂರ್ತಿ ಒಣಗಲು ಒಂದು ದಿನ ಹಿಡಿಯಬಹುದು. ಬರಿಯ ರಂಧ್ರ ತೊಯ್ದದ್ದಕ್ಕೆ ಈ ಉತ್ತರ. ಮುಳುಗಿದ್ದ ಫೋನಾದರೆ ಎರಡು ದಿನದ ನಂತರವೂ ಮೊದಲು ಚಾರ್ಜರ್ ಇಲ್ಲದೆ ಚಾಲೂ ಮಾಡಿ ನೋಡಿ. ಚಾರ್ಜಿಗೆ ಹಾಕಿದಾಗ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಒಡನೆ ಗೋಡೆಯ ಸ್ವಿಚ್ ಆರಿಸಿ. ಮೊದಲ ಚಾರ್ಜನ್ನು ರಾತ್ರಿ, ಹಾಸಿಗೆಯ ಪಕ್ಕದಲ್ಲಿ, ನಿದ್ದೆ ಹೋಗುವಾಗ ಮಾಡಬಾರದು.

ದನಿ ಒಡೆದು ಬರುತ್ತಿದೆ. ನೀರು ಹೊರದಬ್ಬುವ ಸದ್ದಿನ ಆ್ಯಪ್‌ಗಳು ಕೆಲಸ ಮಾಡುತ್ತವೆಯೇ?

ಸ್ಪೀಕರಿನ ಜಾಲರಿಯಲ್ಲಿ ನಿಂತ ಹನಿಯನ್ನು ದಪ್ಪ ದನಿಯ ಕಂಪನ ಹೊರಗೆ ಚಿಮ್ಮಿಸುತ್ತದೆ, ಅಷ್ಟರ ಮಟ್ಟಿಗೆ ಅವು ನಿಜ. ಬೋರ್ಡಿನ ನೀರಿಗೆ ಅವುಗಳಿಂದ ಏನೂ ಆಗದು. ಅದಕ್ಕಾಗಿ ಹಸಿ ಫೋನನ್ನು ಚಾಲೂ ಮಾಡುವುದಂತೂ ಸಲ್ಲದು; ಮಳೆಯ ಹನಿ ಬಿದ್ದು ದನಿ ಮಂದವಾದ ಫೋನಿಗೆ ಮಾತ್ರ ಬಳಸಿ.

ಅಪ್ಪನ ಬಳಿ ಕೀಪ್ಯಾಡ್ ಫೋನ್ ಇದೆ. ಅದಕ್ಕೂ ಇದೇ ಕ್ರಮವೇ?

ಅದು ಇನ್ನೂ ಸುಲಭ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಕೈಯಿಂದಲೇ ಹೊರತೆಗೆಯಬಹುದಾದ್ದರಿಂದ ವಿದ್ಯುತ್ತು ಅಲ್ಲಿಗೇ ನಿಲ್ಲುತ್ತದೆ. ಎಲ್ಲ ಬಿಡಿಸಿ ಫ್ಯಾನಿನ ಕೆಳಗೆ ಎರಡು ದಿನ ಇಟ್ಟರೆ ಹೆಚ್ಚಿನವು ಬದುಕುತ್ತವೆ. ಹಿರಿಯರ ಫೋನುಗಳು ಹೆಚ್ಚು ಬಾಳುವುದಕ್ಕೆ ಈ ಬಿಚ್ಚುವ ಬ್ಯಾಟರಿಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಅಂಗಡಿಯಲ್ಲಿ ನಿಜವಾಗಿ ಏನು ಮಾಡುತ್ತಾರೆ? ನಾವು ಏನು ಕೇಳಬೇಕು?

ಮೊದಲು ಫೋನನ್ನು ಬಿಚ್ಚಿ ಬ್ಯಾಟರಿಯ ಕನೆಕ್ಟರನ್ನು ಬೇರೆ ಮಾಡುತ್ತಾರೆ. ಬೋರ್ಡನ್ನು ಹೊರತೆಗೆದು, ಅಗತ್ಯವಿದ್ದರೆ ಲೋಹದ ಮುಚ್ಚಳಗಳನ್ನು ಎಬ್ಬಿಸಿ, ಐಪಿಎ ಎಂದು ನಾವು ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯುತ್ತಾರೆ. ಶೇಕಡಾ 99ರಷ್ಟು ಶುದ್ಧವಾದ ಐಪಿಎ ನೀರಿನೊಂದಿಗೆ ಬೆರೆತು ಅದನ್ನು ಸಂದಿನಿಂದ ಹೊರಗೆಳೆದು ತಾನೂ ಬೇಗ ಆರಿಹೋಗುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿ ಇರುವ ಅಂಗಡಿಗಳಲ್ಲಿ ಬೋರ್ಡನ್ನು ಮಾತ್ರ ಅದರಲ್ಲಿಟ್ಟು, ಕಿವಿಗೆ ಕೇಳದ ಕಂಪನದಿಂದ ಚಿಪ್ಪಿನಡಿಯ ಲವಣವನ್ನು ಬಿಡಿಸುತ್ತಾರೆ. ಆಮೇಲೆ ಒಣಗಿಸಿ, ಮೀಟರ್ ಹಿಡಿದು ಶಾರ್ಟ್ ಎಲ್ಲಿದೆ ಎಂದು ಹುಡುಕುತ್ತಾರೆ.

ನೀವು ಕೇಳಬೇಕಾದ ಮೊದಲ ಪ್ರಶ್ನೆ, ಬೋರ್ಡನ್ನು ಹೊರತೆಗೆದು ತೊಳೆಯುತ್ತೀರಾ ಎಂಬುದು. ಬರಿ ಹಾಟ್ ಏರ್ ಊದಿ ಮರಳಿಸಿ ಕೊಡುವುದು ತೊಳೆದಂತಲ್ಲ. ಪೆಟ್ರೋಲು, ಥಿನ್ನರುಗಳಿಂದ ತೊಳೆಯುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಉಳಿದಿದೆ. ಅವು ಪ್ಲಾಸ್ಟಿಕ್ಕನ್ನು, ಅಂಟನ್ನು ತಿನ್ನುತ್ತವೆ, ಬೇಡವೆಂದು ಹೇಳುವ ಹಕ್ಕು ನಿಮಗಿದೆ. ಎರಡನೆಯದಾಗಿ, ತೊಳೆಯುವ ಕೂಲಿ ಎಷ್ಟು, ಚಾಲೂ ಆಗದಿದ್ದರೂ ಕೊಡಬೇಕೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಕೊಡಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ ಶ್ರಮ ಎರಡಕ್ಕೂ ಒಂದೇ. ಆದರೆ ಆ ಮಾತು ಬಿಚ್ಚುವ ಮೊದಲೇ ಆಗಿರಬೇಕು. ನೀವೂ ಒಂದು ಸತ್ಯ ಹೇಳಬೇಕು: ಬಿದ್ದ ಮೇಲೆ ಎಷ್ಟು ಸಲ ಚಾಲೂ ಮಾಡಿ ನೋಡಿದಿರಿ, ಚಾರ್ಜಿಗೆ ಹಾಕಿದಿರಾ? ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ, ಬೋರ್ಡು ಬೇರೆ ಕತೆ ಹೇಳುತ್ತದೆ.

ವಾರಂಟಿಯಲ್ಲಿ ಸರಿಮಾಡಿಸಿಕೊಡುತ್ತಾರೆಯೇ?

ಸಾಮಾನ್ಯವಾಗಿ ಇಲ್ಲ; ಐಪಿ 68 ಎಂದು ಜಾಹೀರಾತು ಕೊಡುವ ಕಂಪನಿಗಳೂ ದ್ರವದಿಂದಾದ ಹಾನಿಯನ್ನು ವಾರಂಟಿಯಿಂದ ಹೊರಗಿಡುತ್ತವೆ. ಫೋನಿನೊಳಗೆ, ಅನೇಕ ಮಾದರಿಗಳಲ್ಲಿ ಸಿಮ್ ತಟ್ಟೆಯ ಗೂಡಿನಲ್ಲಿ, ಬಿಳಿಯ ಚಿಕ್ಕ ಚೀಟಿಯೊಂದಿರುತ್ತದೆ. ನೀರು ತಾಕಿದರೆ ಅದು ಕೆಂಪಾಗುತ್ತದೆ. ಬೇರೆಯಾಗಿ ಹಣ ಕಟ್ಟಿ ಆಕಸ್ಮಿಕ ಹಾನಿಯ ವಿಮೆ ಮಾಡಿಸಿದ್ದರೆ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸುವ ಮೊದಲು ಅವರಿಗೆ ತಿಳಿಸಿ.

ಫೋನ್ ಹೋದರೆ ಹೋಗಲಿ, ಫೋಟೊಗಳು ಬೇಕು. ಚಿಪ್ ತೆಗೆದು ಇನ್ನೊಂದಕ್ಕೆ ಹಾಕಿದರೆ ಸಿಗುತ್ತವೆಯೇ?

ಹಳೆಯ ಫೋನುಗಳಲ್ಲಿ ಹಾಗೆ ಸಿಗುತ್ತಿದ್ದವು. ಆಂಡ್ರಾಯ್ಡ್ 10 ಮತ್ತು ಅದರ ನಂತರದ ಹೊಸ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸುವ ಕೀಲಿ ಅದೇ ಬೋರ್ಡಿನ ಪ್ರೊಸೆಸರಿಗೆ ಕಟ್ಟಿಕೊಂಡಿರುತ್ತದೆ. ಆದ್ದರಿಂದ ಒಂದೇ ದಾರಿ, ಆ ಬೋರ್ಡನ್ನೇ ಕೆಲ ನಿಮಿಷಗಳ ಮಟ್ಟಿಗಾದರೂ ಬದುಕಿಸಿ, ನಿಮ್ಮ ಪಾಸ್‌ವರ್ಡ್ ಹಾಕಿ ನಕಲು ಮಾಡಿಕೊಳ್ಳುವುದು. ಫೋಟೊಗಳೇ ಮುಖ್ಯವೆಂದಾದರೆ ಫೋನ್ ಕೊಡುವಾಗಲೇ ಹೇಳಿ, ನಾವು ಕೆಲಸ ಮಾಡುವ ಬಗೆಯೇ ಬೇರೆಯಾಗುತ್ತದೆ. ಮೆಮೊರಿ ಕಾರ್ಡಿನಲ್ಲಿದ್ದವು ಸಾಮಾನ್ಯವಾಗಿ ಉಳಿದಿರುತ್ತವೆ, ಒರೆಸಿ ಒಣಗಿಸಿದರೆ ಸಾಕು. ಫೋನ್ ಒಂದು ಸಲ ಚಾಲೂ ಆಗಿ ನಿಮ್ಮ ಕೈಸೇರಿತೆಂದರೆ ಮೊದಲು ಮಾಡಬೇಕಾದ ಕೆಲಸ ಬ್ಯಾಕಪ್, ಏಕೆಂದರೆ ಅದು ಇನ್ನೆಷ್ಟು ದಿನ ನಡೆಯುತ್ತದೆಂದು ಯಾರೂ ಹೇಳಲಾರರು. ಗೂಗಲ್ ಖಾತೆಯೊಂದಕ್ಕೆ 15 ಜಿಬಿ ಜಾಗ ಪುಕ್ಕಟೆ ಸಿಗುತ್ತದೆ.

ಫೋನ್ ಒಣಗುವ ತನಕ ಬ್ಯಾಂಕ್, ಒಟಿಪಿಗಳ ಗತಿಯೇನು?

ಸಿಮ್ ಕಾರ್ಡಿಗೆ ನೀರಿನಿಂದ ಏನೂ ಆಗುವುದು ಅಪರೂಪ. ಒರೆಸಿ ಮನೆಯ ಬೇರೆ ಫೋನಿಗೆ ಹಾಕಿದರೆ ಕರೆ, ಒಟಿಪಿ ಎರಡೂ ಬರುತ್ತವೆ. ಯುಪಿಐ ಆ್ಯಪ್ ಆ ಸಿಮ್ಮಿನಿಂದಲೇ ಸಂದೇಶ ಕಳಿಸಿ ಹೊಸ ಫೋನನ್ನು ಗುರುತಿಸುವುದರಿಂದ, ಅಲ್ಲಿ ಮತ್ತೊಮ್ಮೆ ನೋಂದಣಿ ಮಾಡಿಕೊಳ್ಳಬೇಕಾಗುತ್ತದೆ. ಅದು ನಂಬಿಕೆಯವರ ಫೋನೇ ಆಗಿರಲಿ, ಕೆಲಸ ಮುಗಿದ ಮೇಲೆ ನಿಮ್ಮ ಖಾತೆಯನ್ನು ಅದರಿಂದ ತೆಗೆದುಹಾಕಿ. ದುರಸ್ತಿಗೆ ಕೊಡುವಾಗ ಸಿಮ್ಮನ್ನು ಫೋನಿನಲ್ಲಿ ಬಿಟ್ಟು ಹೋಗಬೇಡಿ, ನನ್ನ ಅಂಗಡಿಯಲ್ಲಾದರೂ ಸರಿಯೇ.

ಫೋನ್ ಕಾಲುವೆಯಲ್ಲಿ ಮುಳುಗಿದೆ. ಇಳಿದು ಹುಡುಕಬಹುದೆ?

ಬೇಡ. ತುಂಬಿ ಹರಿಯುವ ಕಾಲುವೆಯ ಕಾಂಕ್ರೀಟ್ ಇಳಿಜಾರು ಪಾಚಿಯಿಂದ ಜಾರುತ್ತದೆ, ಇಳಿದವರಿಗೆ ಮರಳಿ ಹತ್ತಲು ಹಿಡಿತ ಸಿಗುವುದಿಲ್ಲ. ಫೋನನ್ನು ಕಳೆದುಹೋಯಿತೆಂದೇ ಲೆಕ್ಕ ಹಾಕಿ ಸಿಮ್ ಬಂದ್ ಮಾಡಿಸಿ, ಅದೇ ಸಂಖ್ಯೆಯ ಹೊಸ ಸಿಮ್ ಪಡೆಯಿರಿ. ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಕೊಟ್ಟರೆ, ಆ ಫೋನು ಮುಂದೆ ಯಾರ ಕೈಗೆ ಸಿಕ್ಕರೂ ನಡೆಯದಂತೆ ತಡೆಹಿಡಿಯುತ್ತಾರೆ. ಐಎಂಇಐ ಸಂಖ್ಯೆ ಫೋನ್ ಕೊಂಡ ರಟ್ಟಿನ ಡಬ್ಬಿಯ ಮೇಲಿರುತ್ತದೆ.

ಬ್ಯಾಟರಿ ಉಬ್ಬಿದೆ, ಹಿಂಬದಿ ಎದ್ದಿದೆ. ಏನು ಮಾಡಲಿ?

ಚಾರ್ಜಿಗೆ ಹಾಕಬೇಡಿ, ಒತ್ತಿ ಕೂಡಿಸಬೇಡಿ, ಸೂಜಿಯಿಂದ ಚುಚ್ಚಿ ಗಾಳಿ ತೆಗೆಯಲು ಹೋಗಬೇಡಿ. ಚುಚ್ಚಿದ ಲಿಥಿಯಂ ಬ್ಯಾಟರಿ ಉರಿಯುತ್ತದೆ. ಹಾಸಿಗೆ, ಬಟ್ಟೆ, ಹುಲ್ಲಿನ ಬಣವೆಗಳಿಂದ ದೂರ, ಕಲ್ಲಿನ ನೆಲದ ಮೇಲೆ ಅಥವಾ ಮರಳು ತುಂಬಿದ ಬುಟ್ಟಿಯಲ್ಲಿ ಇಟ್ಟು, ಬಿಸಿಲಿಗೆ ಬಿಡದೆ ಅಂಗಡಿಗೆ ತಲುಪಿಸಿ. ಕೆಟ್ಟ ಬ್ಯಾಟರಿಯನ್ನು ಊರ ತಿಪ್ಪೆಗೆ ಎಸೆಯುವುದಾಗಲಿ ಸುಡುವುದಾಗಲಿ ಕೂಡದು. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತುವಾಗ, ಹುಲಿಗಿಯಲ್ಲಿ ಹೊಳೆಗೆ ಇಳಿಯುವಾಗ ಫೋನನ್ನು ಹೇಗೆ ಇಟ್ಟುಕೊಳ್ಳಬೇಕು?

ಕೊರಳಿಗೆ ಹಾಕುವ ನೀರು ತಡೆಯುವ ಚೀಲಗಳು ಸಿಗುತ್ತವೆ. ಕೊಂಡ ದಿನವೇ ಅದರೊಳಗೆ ಒಣ ಕಾಗದವಿಟ್ಟು, ಬಾಯಿ ಮುಚ್ಚಿ, ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಕಾಗದ ಒಣಗಿಯೇ ಇದ್ದರೆ ಮಾತ್ರ ಫೋನ್ ಇಡಿ. ಹರಿಗೋಲನ್ನು ಗರಗರ ತಿರುಗಿಸುವಾಗ ಸೆಲ್ಫಿಗೆ ಕೈ ಚಾಚುವವರ ಫೋನುಗಳೇ ನೀರಿಗೆ ಹೆಚ್ಚು ಬೀಳುತ್ತವೆ, ಚೀಲದ ದಾರ ಕೊರಳಲ್ಲಿದ್ದರೆ ಆ ಮಾತಿಲ್ಲ. ಹುಲಿಗಿಯಲ್ಲಿ ಸ್ನಾನಕ್ಕಿಳಿಯುವ ಮೊದಲು ಫೋನನ್ನು ದಡದಲ್ಲಿ ಕುಳಿತ ಮನೆಯವರ ಕೈಗೆ ಕೊಟ್ಟು ಇಳಿಯಿರಿ. ಒದ್ದೆ ಬಟ್ಟೆಯ ಗಂಟಿನೊಳಗೆ ಸುತ್ತಿಟ್ಟು, ಊರಿಗೆ ಮರಳಿದ ಮೇಲೆ ನೀರಿಳಿಸಿಕೊಂಡು ಅಂಗಡಿಗೆ ಬರುವ ಫೋನುಗಳು ಪ್ರತಿ ಜಾತ್ರೆಯ ನಂತರ ಒಂದೆರಡಾದರೂ ಇರುತ್ತವೆ.